ದೊಡ್ಡಮ್ಮ ಕುಡಿದ ಎಣ್ಣೆ

ಒದ್ದೆ ಹೊದಿಕೆಯ ಒಂದು ತುದಿ ನನ್ನ ಕೈಯಲ್ಲಿತ್ತು, ಇನ್ನೊಂದು ಮಗಳ ಕೈಯಲ್ಲಿ. ಎದುರುಬದುರು ನಿಂತು ಇಬ್ಬರೂ ಬಲಕ್ಕೇ ತಿರುಚಿದರೆ ನೀರು ತಾನಾಗಿ ಇಳಿಯುತ್ತದೆ. ಆದರೆ ದಿನವಿಡೀ ಸಿಟಿ ಬಸ್ಸಿನ ಸ್ಟೀರಿಂಗ್ ತಿರುಗಿಸುವವಳ ಮುಂಗೈ ಎಲ್ಲಿ, ನನ್ನ ಮುಂಗೈ ಎಲ್ಲಿ. ಅವಳು ಒಂದು ಸಲ ತಿರುಚಿದರೆ ಹೊದಿಕೆಯ ಜೊತೆ ನಾನೂ ಅರ್ಧ ತಿರುಗಿಹೋಗುತ್ತಿದ್ದೆ.

"ಅಮ್ಮ, ಗಟ್ಟಿಯಾಗಿ ಹಿಡ್ಕೊ. ಇಲ್ಲಾಂದ್ರೆ ನಿನ್ನನ್ನೂ ಹಿಂಡಿ ಹಗ್ಗಕ್ಕೆ ಹಾಕ್ಬಿಡ್ತೀನಿ."

"ಹಾಕು ತಾಯಿ. ಸ್ವಲ್ಪ ಹೊತ್ತು ಬಿಸಿಲಾದ್ರೂ ಕಾಯ್ತೀನಿ."

ಅಷ್ಟರಲ್ಲಿ ಅಂಗಳದ ಆ ಕಡೆಯ ಶೆಡ್ಡಿನಿಂದ ದೊಡ್ಡಮ್ಮನ ದನಿ ಏರಿತು.

ದೊಡ್ಡಮ್ಮ ಅಂದರೆ ನಮ್ಮ ಹಳೆಯ ಕಾರು. ಕೆನೆಬಣ್ಣ, ಉದ್ದ ಮೂತಿ, ಮುಂದೆಯೂ ಹಿಂದೆಯೂ ಸೋಫಾದಂಥ ಉದ್ದನೆಯ ಸೀಟು. ಈಗಿನವರು ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ನಾವು ಕೊಂಡಾಗಲೇ ಅದು ಯಾರೋ ಓಡಿಸಿ ಬಿಟ್ಟ ಗಾಡಿಯಾಗಿತ್ತು. ಅದರ ವಿಶೇಷವೇನೆಂದರೆ ಕ್ಲಚ್ ಇಲ್ಲ. ಗೇರು ತಾನಾಗಿ ಬದಲಾಗುತ್ತದೆ, ಎಡಗಾಲಿಗೆ ಕೆಲಸವೇ ಇಲ್ಲ. ಆ ಕಾಲಕ್ಕೆ ನಮ್ಮ ಊರಿನಲ್ಲಿ ಅಂಥ ಗಾಡಿ ಇನ್ನೊಂದಿರಲಿಲ್ಲ. ಹಾಗಾಗಿ ಬೇರೆ ಡ್ರೈವಿಂಗ್ ಶಾಲೆಗಳು ಬಾಗಿಲಲ್ಲೇ ವಾಪಸ್ ಕಳಿಸಿದವರೆಲ್ಲ ನನ್ನ ಯಜಮಾನರ ಹತ್ತಿರ ಬರುತ್ತಿದ್ದರು. ಎಡಗಾಲು ಸೊರಗಿದವರು, ಮೊಣಕಾಲು ಮಡಚಲಾಗದವರು, ಎಡಗಾಲೇ ಇಲ್ಲದವರು. "ಬಲಗಾಲು ಇದೆಯಲ್ಲ? ಹಾಗಾದ್ರೆ ಹತ್ತಿ ಮತ್ತೆ" ಎನ್ನುತ್ತಿದ್ದರು ನಮ್ಮ ಮೇಷ್ಟ್ರು. ಊರಿಗೆಲ್ಲ ಅವರು ಮೇಷ್ಟ್ರೇ.

ಕಲಿಯುವವರು ಹೆಂಗಸರಾದರೆ ಹಿಂದಿನ ಸೀಟಿನಲ್ಲಿ ನಾನು ಸ್ವೆಟರ್ ಹೆಣೆಯುತ್ತ ಕೂತಿರಬೇಕಿತ್ತು. ಸ್ಟೀರಿಂಗ್ ಹಿಡಿಯುವ ಯೋಗ ನನಗೆ ಬರಲಿಲ್ಲ. ಆದರೆ ದೊಡ್ಡಮ್ಮ ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಜಾರುವುದು ನನ್ನ ಬೆನ್ನಿಗೆ ಗೊತ್ತಾಗುತ್ತಿತ್ತು. ಚೆನ್ನಾಗಿದ್ದ ದಿನ ಒಂದು ಹೆಣಿಗೆಯೂ ತಪ್ಪುತ್ತಿರಲಿಲ್ಲ. ಈಚೆಗೆ ಕೆಲವು ತಿಂಗಳಿಂದ, ಮಗಳು ರಸ್ತೆಗೆ ಇಳಿಸಿದಾಗಲೆಲ್ಲ, ದೊಡ್ಡಮ್ಮ ಗೇರು ಬದಲಿಸಲು ಮೊಂಡು ಹಿಡಿದ ಮಗುವಿನಂತೆ ತಡಮಾಡಿ, ಆಮೇಲೆ ಧಡಕ್ಕನೆ ಎಗರುತ್ತಿದ್ದಳು.

ಆ ದಿನ ಇಂಜಿನ್ ಕೂಗಿತೇ ಹೊರತು ಗಾಡಿ ಕದಲಲಿಲ್ಲ. ಸೈಲೆನ್ಸರಿನಿಂದ ಬೆಳ್ಳಗಿನ ಹೊಗೆ ಎದ್ದು ನಮ್ಮ ಹಗ್ಗದ ಕಡೆ ತೇಲಿತು.

"ಲೇ, ಇವಳು ಮುಂದಕ್ಕೆ ಹೋಗ್ತಿಲ್ಲ ಕಣೇ!" ಎಂದು ಯಜಮಾನರು ಕಿಟಕಿಯಿಂದ ಕೂಗಿದರು.

"ಹ್ಯಾಂಡ್‌ಬ್ರೇಕ್ ತೆಗೆದಿದ್ದೀಯಾ ಅಪ್ಪ?" ಎಂದಳು ಮಗಳು.

"ಊರಿಗೆಲ್ಲ ಹ್ಯಾಂಡ್‌ಬ್ರೇಕ್ ಹೇಳಿಕೊಟ್ಟವನನ್ನ ಕೇಳ್ತಾಳೆ ನೋಡು!"

ಆಮೇಲೆ ಹ್ಯಾಂಡ್‌ಬ್ರೇಕ್ ಇಳಿಸಿದ ಸದ್ದು ಕೇಳಿಸಿತು. ಮಗಳು ನನ್ನ ಮುಖ ನೋಡಿ ತುಟಿ ಕಚ್ಚಿಕೊಂಡಳು. ಆದರೆ ದೊಡ್ಡಮ್ಮ ಆಗಲೂ ಹೋಗಲಿಲ್ಲ. ಹಿಂದಕ್ಕೆ ಹಾಕಿದರೂ ಇಲ್ಲ, ಮುಂದಕ್ಕೆ ಹಾಕಿದರೂ ಇಲ್ಲ.

ಈಗ ಒಂದು ವಿಷಯ ಹೇಳಿಬಿಡಬೇಕು. ಯಜಮಾನರ ಕಣ್ಣಿನ ನಡುಭಾಗ ಹೋಗಿದೆ. ಅಂಚಿನಲ್ಲಿ ಕಾಣುತ್ತದೆ, ನೇರ ನೋಡಿದ್ದು ಮಸಿ ಮೆತ್ತಿದ ಹಾಗೆ ಕಾಣುತ್ತದಂತೆ. ಡಾಕ್ಟರು ಗಾಡಿಯನ್ನು ರಸ್ತೆಗೆ ಇಳಿಸಕೂಡದು ಎಂದ ಮೇಲೆ ಅವರು ಇಳಿಸಿಲ್ಲ. ಬೆಳಿಗ್ಗೆ ಎದ್ದು ದೊಡ್ಡಮ್ಮನನ್ನು ಶೆಡ್ಡಿನಿಂದ ಗೇಟಿನವರೆಗೆ, ಗೇಟಿನಿಂದ ಶೆಡ್ಡಿಗೆ, ಅಷ್ಟೇ. "ಕಾಲಾಡಿಸಿಕೊಂಡು ಬರ್ತೀವಿ" ಎನ್ನುತ್ತಿದ್ದರು, ಇಬ್ಬರೂ ವಾಕಿಂಗಿಗೆ ಹೊರಟವರ ಹಾಗೆ.

ಈ ಸುದ್ದಿ ತಿಳಿದು ಅವರ ಹಳೆಯ ಶಿಷ್ಯೆಯೊಬ್ಬಳು ಪತ್ರ ಬರೆದಿದ್ದಳು. ನಮ್ಮ ಮನೆಯಲ್ಲಿ ಅವಳಿಗೆ ಟೈಪಿಸ್ಟ್ ಹುಡುಗಿ ಎಂದೇ ಹೆಸರು, ಈಗ ಅವಳ ತಲೆಯೂ ನರೆತಿರಬೇಕು. ಎಡಗಾಲು ಹುಟ್ಟಿನಿಂದಲೇ ಸೋತಿತ್ತು. ಮೊದಲ ದಿನ ಸ್ಟೀರಿಂಗ್ ಮುಟ್ಟುವ ಮುಂಚೆಯೇ ಗೊಳೋ ಎಂದು ಅತ್ತಿದ್ದಳು. ಈಗ ದೂರದ ಊರಿನಲ್ಲಿ ತನ್ನಂಥವರಿಗೆ ಡ್ರೈವಿಂಗ್ ಕಲಿಸುವ ಶಾಲೆ ತೆಗೆಯುತ್ತಿದ್ದಾಳೆ. "ಹೊಸ ಗಾಡಿಗಳಲ್ಲೂ ಈಗ ಕ್ಲಚ್ ಇಲ್ಲ ಮೇಷ್ಟ್ರೇ. ಆದರೆ ಮುಂದಿನ ಸೀಟು ಒಂದೇ ಹಾಸು ಇರುವ, ಹೆದರಿದವರ ಪಕ್ಕಕ್ಕೆ ಸರಿದು ಕೂತು ಬ್ರೇಕಿಗೆ ಕಾಲು ಹಾಕಬಹುದಾದ ಗಾಡಿ ದೊಡ್ಡಮ್ಮನೊಂದೇ. ಕೊಡುತ್ತೀರಾ? ಇಲ್ಲವೆಂದರೆ ಇಲ್ಲ ಎಂದೇ ಬರೆಯಿರಿ, ನಾನು ಬೇರೆ ಹುಡುಕುತ್ತೇನೆ. ಏನಾದರೂ ಒಂದು ಬರೆಯಿರಿ" ಎಂದಿತ್ತು ಪತ್ರದಲ್ಲಿ. ನಾನೇ ಓದಿ ಹೇಳಿದ್ದೆ. ಆಮೇಲೆ ಅವಳಿಂದ ಒಂದು ಕಾರ್ಡೂ ಬಂತು: "ಪತ್ರ ತಲುಪಿತೇ?"

ಫೋನು ಮಾಡಿ ಹೇಳಿಬಿಡಿ ಎಂದರೆ, "ಕಾಗದ ಬಂದಿದೆ, ಕಾಗದವೇ ಹೋಗ್ಬೇಕು" ಎನ್ನುವರು. ಹಾಗಾದರೆ ಬರೆಯೋಣ ಎಂದರೆ, "ನಾಳೆ" ಎನ್ನುವರು. ಬೇಸಿಗೆ ಹೋಗಿ ಚಳಿ ಬಂದರೂ ಆ ನಾಳೆ ಬಂದಿರಲಿಲ್ಲ.

ಮಗಳು ಕೈ ಒರೆಸಿಕೊಂಡು ಶೆಡ್ಡಿಗೆ ಹೋದಳು. ಇಂಜಿನ್ ನಿಲ್ಲಿಸಿ, ಕೀ ತೆಗೆದು, ಅಡುಗೆಮನೆ ಬಾಗಿಲಿನ ಮೊಳೆಗೆ ತೂಗುಹಾಕಿ, ಆಮೇಲೆ ಬಾನೆಟ್ ಎತ್ತಿದಳು. ಅದು ನಮ್ಮ ಮನೆಯ ಕಾಯಿದೆ. ಅವಳು ಚಿಕ್ಕವಳಿದ್ದಾಗ ಒಂದು ದಿನ ಓಡುತ್ತಿದ್ದ ಇಂಜಿನ್ ಮೇಲೆ ಬಗ್ಗಿದ್ದಳು, ಉದ್ದ ಜಡೆ ಫ್ಯಾನಿನ ಕಡೆ ಜಾರಿತ್ತು. ಯಜಮಾನರು ಕೂದಲೆಳೆಯ ಅಂತರದಲ್ಲಿ ಅವಳನ್ನು ಹಿಂದಕ್ಕೆಳೆದಿದ್ದರು. ಅವತ್ತು ಅವರು ಗದರಲಿಲ್ಲ, ಒಂದು ಸುತ್ತಿಗೆ ತಂದು ಆ ಮೊಳೆ ಹೊಡೆದರು. ಕೀ ಮೊಳೆಯಲ್ಲಿ ಇಲ್ಲದೆ ಬಾನೆಟ್ ಏಳಕೂಡದು. ಶಿಷ್ಯರಿಗೂ ಅದೇ ಪಾಠ.

ಮಗಳು ಗೇರ್‌ಬಾಕ್ಸಿನ ಅಳತೆ ಕಡ್ಡಿ ಎಳೆದು ಒರೆಸಿ, ಮತ್ತೆ ಇಳಿಸಿ ತೆಗೆದು ನೋಡಿದಳು.

"ಆಯಿಲ್ ಫುಲ್ ಇದೆ ಅಪ್ಪ. ಗೆರೆಗಿಂತ ಒಂಚೂರು ಮೇಲೇ ಇದೆ. ಪ್ರತಿ ಸಲದ ಹಾಗೇ."

"ಆಯಿಲ್ ತುಂಬಿದ್ದೂ ಎಳೀತಿಲ್ಲ ಅಂದ್ರೆ ಒಳಗಿನ ಪ್ಲೇಟುಗಳು ಸುಟ್ಟಿವೆ. ಮುಗೀತು." ಯಜಮಾನರು ಬಾನೆಟ್ಟಿನ ಮೇಲೆ ಅಂಗೈ ಇಟ್ಟರು. "ಸತ್ತೋದ ಗಾಡೀನ ಆ ಹುಡುಗಿಗೆ ಹೇಗೆ ಕೊಡ್ಲಿ?"

ಅವರ ದನಿಯಲ್ಲಿ ಸಂಕಟವಿತ್ತು. ಅದರ ಅಡಿಯಲ್ಲೆಲ್ಲೋ ಹೆಗಲ ಹೊರೆ ಇಳಿಸಿದವರ ಉಸಿರೂ ಇತ್ತು. ಇಷ್ಟು ವರ್ಷ ಜೊತೆಗೆ ಬಾಳಿದ ಮೇಲೆ ಉಸಿರಿಗೂ ಅರ್ಥ ತಿಳಿಯುತ್ತದೆ.

"ಹಾಗಾದ್ರೆ ಅದನ್ನೇ ಬರೆದುಬಿಡೋಣ. ಗಾಡಿ ಕೆಟ್ಟಿದೆ, ಬೇರೆ ನೋಡಮ್ಮ ಅಂತ" ಎಂದೆ.

"ಬರೆಯೋಣ. ನಾಳೆ."

ಮರುದಿನ ಒಣಗಿದ ಹೊದಿಕೆಗಳನ್ನು ಮಡಚುವಾಗ ನನಗೊಂದು ವಾಸನೆ ಬಡಿಯಿತು. ಸೋಪಿನ ವಾಸನೆಯ ಕೆಳಗೆ ಎಣ್ಣೆಯ ಜಿಡ್ಡು ವಾಸನೆ. ಇಂಜಿನ್ ಆಯಿಲಿನ ಗಡಸು ವಾಸನೆಯಲ್ಲ, ಸ್ವಲ್ಪ ಸಿಹಿಗೆ ತಿರುಗಿದ್ದು. ನಾನು ಎಲ್ಲಿ ಮೂಸಿದ್ದೆ ಇದನ್ನು ಎಂದು ಹೊದಿಕೆಯನ್ನು ಮೂಗಿಗೆ ಹಿಡಿದು ನಿಂತೆ. ಬಸ್ಸಿಗೆ ಹೊರಟಿದ್ದ ಮಗಳು, "ಯಾಕಮ್ಮ, ಹೊದಿಕೆಗೆ ಮುತ್ತು ಕೊಡ್ತಿದ್ದೀಯಾ?" ಎಂದು ಛೇಡಿಸಿ ಹೋದಳು.

ಪಾತ್ರೆ ತೊಳೆಯುವಾಗ ನೆನಪಾಯಿತು. ಅದು ಗ್ರೀಸಪ್ಪನ ಹೆಗಲ ಮೇಲಿನ ಬಟ್ಟೆಯ ವಾಸನೆ. ಗೇರ್‌ಬಾಕ್ಸಿನ ಕೆಂಪು ಎಣ್ಣೆಯ ವಾಸನೆ.

ಗ್ರೀಸಪ್ಪ ಅಂದರೆ ದೊಡ್ಡಮ್ಮನನ್ನು ಮೊದಲಿನಿಂದ ರಿಪೇರಿ ಮಾಡುತ್ತಿದ್ದ ಮೆಕ್ಯಾನಿಕ್. ನನ್ನನ್ನು ಅತ್ತಿಗೆ ಎನ್ನುತ್ತಾನೆ, ಮಗಳಿಗೆ ಅವನು ಚಿಕ್ಕಪ್ಪ. ಕೂಗಿದರೆ ಮಾತ್ರ ಕೇಳಿಸುವಷ್ಟು ಕಿವಿ ಮಂದವಾದ ಮೇಲೆ ಗ್ಯಾರೇಜು ಮುಚ್ಚಿ, ಮಗನ ಬೇಕರಿಯ ಮೇಲಿನ ಕೋಣೆಯಲ್ಲಿ ಇದ್ದಾನೆ. ಅವನ ನಂತರ ದೊಡ್ಡಮ್ಮನ ಎಣ್ಣೆ ನೋಡುವ ಕೆಲಸ ಮಗಳ ಪಾಲಿಗೆ ಬಂದಿತ್ತು. ಗೇರ್‌ಬಾಕ್ಸಿನ ಎಣ್ಣೆ ತುಂಬಿಯೇ ಇದ್ದರೆ, ಹೊದಿಕೆಗೆ ತಾಗಿದ ಹೊಗೆಯಲ್ಲಿ ಅದು ಎಲ್ಲಿಂದ ಬಂತು? ದಿನಾ ಬೆಳಿಗ್ಗೆ ಏಳುವ ಹೊಗೆ ಮೇಷ್ಟ್ರಿಗೆ ಕಾಣುವುದಿಲ್ಲ. ಮಗಳು ಹೆಚ್ಚಿನ ದಿನ ಬೆಳಕು ಹರಿಯುವ ಮುಂಚೆ ಕೆಲಸಕ್ಕೆ ಹೋಗುತ್ತಾಳೆ. ದಿನಾ ಕಂಡವಳು ನಾನೊಬ್ಬಳೇ, ಮತ್ತು ನಾನು ಅದನ್ನು ಚಳಿಗೆ ಏಳುವ ಹಬೆ ಎಂದುಕೊಂಡಿದ್ದೆ.

ಮಧ್ಯಾಹ್ನ ಬೇಕರಿಗೆ ಹೋಗಿ ಮೆಟ್ಟಿಲು ಹತ್ತಿದೆ. ಗ್ರೀಸಪ್ಪ ಕಿಟಕಿಯ ಪಕ್ಕ ಕೂತು ಒಂದು ಗೋಡೆ ಗಡಿಯಾರವನ್ನು ಚೂರುಚೂರು ಮಾಡಿದ್ದ.

"ಗಡಿಯಾರ ಕೆಟ್ಟಿತ್ತಾ?" ಎಂದು ಕೂಗಿ ಕೇಳಿದೆ.

"ಇಲ್ಲ ಅತ್ತಿಗೆ, ಚೆನ್ನಾಗಿಯೇ ಓಡ್ತಿತ್ತು. ಕೈ ಸುಮ್ನೆ ಇರಲ್ಲ ನೋಡಿ."

ನಾನು ಹೊದಿಕೆಯ ಮೂಲೆಯನ್ನು ಅವನ ಮೂಗಿಗೆ ಹಿಡಿದೆ. ಅವನು ಮೂಸಿದ, ಮತ್ತೆ ಮೂಸಿದ, ಕಣ್ಣು ಅಗಲವಾಯಿತು.

"ಮೇಷ್ಟ್ರು ಕರೆದ್ರಾ?"

"ಅವರು ಕರೀಲಿಲ್ಲ. ನಾನು ಕರೀತಿದ್ದೀನಿ."

"ಹಾಗಾದ್ರೆ ಈಗಲೇ ಬರ್ತೀನಿ. ಅವರು ಕರೆದಿದ್ರೆ ಸ್ವಲ್ಪ ಸತಾಯಿಸಬೇಕಿತ್ತು."

ಅವತ್ತು ಸಂಜೆಗೆ ಮುಂಚೆ ಮಗಳೂ ಬಂದಳು. ಗ್ರೀಸಪ್ಪನನ್ನು ಅಂಗಳದಲ್ಲಿ ಕಂಡು ಯಜಮಾನರು ಮುಖ ಊದಿಸಿಕೊಂಡರು.

"ಇವನನ್ನ ಯಾರು ಕರೆದಿದ್ದು? ಸತ್ತವಳ ನಾಡಿ ನೋಡೋಕೆ ಬಂದ್ನಾ?"

"ಏನಂತೆ?" ಎಂದ ಗ್ರೀಸಪ್ಪ ನನ್ನ ಕಡೆ ತಿರುಗಿ.

"ಚೆನ್ನಾಗಿದ್ದೀಯಾ ಅಂತ ಕೇಳ್ತಿದ್ದಾರೆ!" ಎಂದು ಕೂಗಿದಳು ಮಗಳು.

"ಸುಳ್ಳು. ಮೇಷ್ಟ್ರು ಯಾವತ್ತೂ ಅದನ್ನ ಕೇಳಿದವರಲ್ಲ."

ಗ್ರೀಸಪ್ಪ ಮೊದಲು ಅಳತೆ ಕಡ್ಡಿ ಎಳೆದು, ಅದರ ತುದಿಯನ್ನು ಬಿಳಿ ಬಟ್ಟೆಯ ಮೇಲೆ ಒತ್ತಿದ. ಗುಲಾಬಿಗೆ ತಿರುಗಿದ ಕೆಂಪು ಕಲೆ ಬಿತ್ತು. ಅದನ್ನು ಬೆರಳಲ್ಲಿ ಉಜ್ಜಿದ, ಮೂಸಿದ.

"ಮೇಷ್ಟ್ರೇ, ಪ್ಲೇಟು ಸುಟ್ಟಿದ್ರೆ ಇದು ಕಪ್ಪಾಗಿರಬೇಕಿತ್ತು. ಸೀದ ವಾಸನೆ ಬರಬೇಕಿತ್ತು. ಬೆರಳಿಗೆ ಚೂರುಪಾರು ಸಿಗಬೇಕಿತ್ತು. ಏನೂ ಇಲ್ಲ. ಒಳಗೆ ಆರೋಗ್ಯವಾಗಿದ್ದಾಳೆ. ನೀವು ನೋಡಿದಾಗ ಅಳತೆ ಎಷ್ಟಿತ್ತು?"

"ಫುಲ್!" ಎಂದಳು ಮಗಳು, ಬೆರಳು ಮೇಲೆತ್ತಿ.

"ಇಂಜಿನ್ ಓಡಿಸ್ಕೊಂಡು ನೋಡಿದ್ದಾ, ನಿಲ್ಲಿಸಿ ನೋಡಿದ್ದಾ?"

ಮಗಳು ಅಡುಗೆಮನೆ ಬಾಗಿಲಿನ ಮೊಳೆ ತೋರಿಸಿದಳು. ಗ್ರೀಸಪ್ಪ ಹಣೆ ಚಚ್ಚಿಕೊಂಡ.

"ಅಯ್ಯೋ ಮಗಳೇ! ಅದು ಇಂಜಿನ್ ಆಯಿಲಿಗೆ ಸರಿ. ಗೇರ್‌ಬಾಕ್ಸ್ ಆಯಿಲು ಓಡೋವಾಗ ಮೇಲೆಲ್ಲ ಸುತ್ತಾಡ್ತಾ ಇರುತ್ತೆ. ಇಂಜಿನ್ ನಿಲ್ಲಿಸಿದ ಕೂಡಲೇ ಎಲ್ಲಾ ಕೆಳಗಿಳಿದು ಬರುತ್ತೆ. ಆಗ ಅಳೆದ್ರೆ ಅರ್ಧ ಖಾಲಿ ಇದ್ರೂ ಫುಲ್ ತೋರಿಸುತ್ತೆ. ಬಿಸಿಯಾಗಿ ಓಡ್ತಿರೋವಾಗ್ಲೇ ಅಳೀಬೇಕು."

"ಬಾನೆಟ್ ತೆಗೆದು ಇಂಜಿನ್ ಓಡಿಸೋದಾ? ನನ್ನ ಮನೇಲಿ?" ಯಜಮಾನರು ಬಾನೆಟ್ಟಿಗೆ ಅಡ್ಡ ನಿಂತರು. "ಅಷ್ಟು ವರ್ಷ ನೀನೇ ಅಳೀತಿದ್ದೆಯಲ್ಲ, ಯಾವತ್ತು ಹಾಗೆ ಮಾಡಿದ್ದೆ?"

ಗ್ರೀಸಪ್ಪನಿಗೆ ಮಾತು ಕೇಳಿಸದಿದ್ದರೂ ಪ್ರಶ್ನೆ ಕೇಳಿಸಿತು. ಅವನು ನನ್ನ ಮುಖ ನೋಡಿದ. ನಾನು ಹಗ್ಗದ ಮೇಲಿನ ಬಟ್ಟೆ ನೋಡಿದೆ.

"ಪ್ರತಿ ಸಲವೂ" ಎಂದ. "ನೀವು ಮೂಲೆ ಅಂಗಡಿಗೆ ಪೇಪರ್ ತರೋಕೆ ಹೋಗ್ತಿದ್ರಲ್ಲ, ಆಗ. ಅತ್ತಿಗೆ ಗೇಟಿನ ಹತ್ರ ನಿಂತು ನೀವು ಬರೋದು ಕಂಡ್ರೆ ಕೆಮ್ಮುತ್ತಿದ್ರು."

"ಕೆಮ್ಮುತ್ತಿದ್ಲಾ!" ಯಜಮಾನರು ನಾನು ನಿಂತಿದ್ದ ಕಡೆ ತಿರುಗಿದರು. "ನಿನಗೆ ಧೂಳು ಆಗಲ್ಲ ಅಂತ ನಾನು ಗೇಟಿನ ಹತ್ರ ನೀರು ಹಾಕಿಸ್ತಿದ್ದೆ ಕಣೇ!"

ಮಗಳು ನಕ್ಕು ನಕ್ಕು ಬಗ್ಗಿಹೋದಳು. ನನಗೂ ತಡೆಯಲಾಗಲಿಲ್ಲ. ಓಡುವ ಇಂಜಿನ್ನಿನಲ್ಲಿ ಅವನು ಏನು ನೋಡುತ್ತಿದ್ದ ಎಂದು ನಾನು ಯಾವತ್ತೂ ಕೇಳಿರಲಿಲ್ಲ, ಕೆಮ್ಮಿದ್ದಷ್ಟೇ. ಯಜಮಾನರು ಮಾತ್ರ ನಗಲಿಲ್ಲ. ಕಾಯಿದೆ ಮುರಿದ ಸಿಟ್ಟು ಅವರ ಮುಖದಲ್ಲಿರಲಿಲ್ಲ. ಇನ್ನೂ ಹೆದರಿಕೆಯೇ ಇತ್ತು, ಆ ಹಳೆಯ ದಿನದ್ದು.

ಮಗಳು ಅವರ ಹತ್ತಿರ ಹೋಗಿ, ಅವರ ಕೈ ಹಿಡಿದು ತನ್ನ ಕತ್ತಿನ ಹಿಂದೆ ಇಟ್ಟುಕೊಂಡಳು. ಬಸ್ಸು ಓಡಿಸಲು ಸೇರಿದಾಗಲೇ ಅವಳು ಕೂದಲನ್ನು ಗಿಡ್ಡ ಮಾಡಿಸಿದ್ದಳು.

"ಅಪ್ಪ, ನೋಡು. ನನಗೆ ಜಡೆನೇ ಇಲ್ಲ ಈಗ."

ಅವರ ಬೆರಳು ಆ ಗಿಡ್ಡ ಕೂದಲಿನ ಮೇಲೆ ಒಂದೆರಡು ಸಲ ಆಡಿತು. ಆಮೇಲೆ ಅವರೇ ತಡವರಿಸುತ್ತ ಅಡುಗೆಮನೆ ಬಾಗಿಲಿಗೆ ಹೋಗಿ, ಮೊಳೆಯಿಂದ ಕೀ ತೆಗೆದುಕೊಂಡು ಬಂದರು.

"ಎಲ್ರೂ ತೋಳು ಮಡಚ್ಕೊಳ್ಳಿ. ಸೆರಗು ಸೊಂಟಕ್ಕೆ ಸಿಗಿಸ್ಕೊ ನೀನು. ಗ್ರೀಸಪ್ಪ, ಹೆಗಲ ಬಟ್ಟೆ ತೆಗಿ" ಎಂದು, ಸ್ಟೀರಿಂಗ್ ಮುಂದೆ ಕೂತು, ಬ್ರೇಕ್ ಒತ್ತಿ, ಇಂಜಿನ್ ಎಬ್ಬಿಸಿದರು.

ಬಿಸಿಯಾಗಲು ಬಿಟ್ಟೆವು. ಗ್ರೀಸಪ್ಪ ಅಂಗೈಯನ್ನು ಮಡ್‌ಗಾರ್ಡಿನ ಮೇಲೆ ಇಟ್ಟು ಕಣ್ಣು ಮುಚ್ಚಿ ನಿಂತಿದ್ದ. ಈಗ ಅವನಿಗೆ ಇಂಜಿನ್ ಕೇಳಿಸುವುದು ಹಾಗೆಯೇ. ಅವನು ಕೈಸನ್ನೆ ಮಾಡಿದಂತೆ ಯಜಮಾನರು ಗೇರ್ ಕಡ್ಡಿಯನ್ನು ಒಂದೊಂದೇ ಮನೆಗೆ ಇಳಿಸಿ, ಪಾರ್ಕಿಂಗಿಗೆ ತಂದು ನಿಲ್ಲಿಸಿದರು. ಮಗಳು ಅಳತೆ ಕಡ್ಡಿ ಎಳೆದಳು, ಒರೆಸಿದಳು, ಇಳಿಸಿದಳು, ಮತ್ತೆ ಎಳೆದಳು.

"ಚಿಕ್ಕಪ್ಪ... ಇದು ಒಣಗಿದೆ."

ಕಡ್ಡಿಯ ತುದಿಯಲ್ಲಿ ಒಂದು ಹನಿ ಗುಲಾಬಿ ನೊರೆ ಬಿಟ್ಟರೆ ಏನೂ ಇರಲಿಲ್ಲ. ದೊಡ್ಡಮ್ಮ ಹಸಿದಿದ್ದಳು. ಆರೋಗ್ಯವಂತೆಯೇ, ಆದರೆ ಹೊಟ್ಟೆಗಿಲ್ಲದೆ ಕೂತಿದ್ದಳು.

ಇಂಜಿನ್ ನಿಲ್ಲಿಸಿದರು. ಆದರೆ ಎಣ್ಣೆ ಹೋಗಿದ್ದೆಲ್ಲಿಗೆ? ಶೆಡ್ಡಿನ ನೆಲ ನಾನು ಗುಡಿಸುವ ನೆಲ, ಅಲ್ಲಿ ಒಂದು ಹನಿ ಬಿದ್ದಿದ್ದರೂ ನನಗೆ ಗೊತ್ತಾಗುತ್ತಿತ್ತು.

"ಕೆಳಗೆ ಸೋರಿಲ್ಲ ಅಂದ್ರೆ ಯಾರೋ ಕುಡೀತಿದ್ದಾರೆ" ಎಂದ ಗ್ರೀಸಪ್ಪ. "ಅತ್ತಿಗೆ ಮೂಗು ಹೇಳಿದ್ದು ಸರಿ. ಹೊಗೇಲಿ ಬಂದಿದೆ."

ಅವನ ಮೊಣಕಾಲು ಕೆಳಗೆ ಹೋಗಲು ಒಪ್ಪಲಿಲ್ಲ. ಗಾಲಿಗಳಿಗೆ ಇಟ್ಟಿಗೆ ಕೊಟ್ಟು, ಸೈಲೆನ್ಸರ್ ಆರಲು ಬಿಟ್ಟು, ಮಗಳು ಗೋಣಿಚೀಲ ಹಾಸಿಕೊಂಡು ಗಾಡಿಯ ಅಡಿಗೆ ತೂರಿದಳು. ಅವಳ ಕಾಲು ಮಾತ್ರ ಹೊರಗಿತ್ತು. ಗ್ರೀಸಪ್ಪ ಆ ಕಾಲಿಗೆ ಪಾಠ ಹೇಳುವವನಂತೆ ಹೇಳತೊಡಗಿದ.

"ಗೇರ್‌ಬಾಕ್ಸಿನ ಪಕ್ಕದಲ್ಲಿ ಒಂದು ದುಂಡನೆ ತಗಡಿನ ಡಬ್ಬಿ ಇದೆ ನೋಡು, ಮುಲಾಮಿನ ಡಬ್ಬಿಯಷ್ಟು. ಅದರಿಂದ ಒಂದು ರಬ್ಬರ್ ಪೈಪು ಇಂಜಿನ್ ಕಡೆ ಹೋಗುತ್ತೆ."

"ಸಿಕ್ತು!"

ಗ್ರೀಸಪ್ಪ ಆ ಡಬ್ಬಿಗೆ ಇಟ್ಟ ಹೆಸರು ಚಾಡಿಡಬ್ಬಿ. ಇಂಜಿನ್ ಎಷ್ಟು ಕಷ್ಟಪಡುತ್ತಿದೆ, ಎಷ್ಟು ಆರಾಮಾಗಿದೆ ಎಂದು ಗೇರ್‌ಬಾಕ್ಸಿಗೆ ಚಾಡಿ ಹೇಳುವುದೇ ಅದರ ಕೆಲಸವಂತೆ. ಏರಿನಲ್ಲಿ ಇಂಜಿನ್ ಏದುಸಿರು ಬಿಟ್ಟರೆ ಸುದ್ದಿ ಆ ಪೈಪಿನಲ್ಲಿ ಬರುತ್ತದೆ, ಗೇರ್‌ಬಾಕ್ಸ್ ತಡೆದು ಬದಲಿಸುತ್ತದೆ. ಎಣ್ಣೆಗೂ ಪೈಪಿಗೂ ನಡುವೆ ಒಂದು ತೆಳು ರಬ್ಬರ್ ಹಾಳೆ ಅಷ್ಟೇ ಗೋಡೆ.

"ಪೈಪಿನ ಆ ತುದಿ ಎಳೆದು ನೋಡು. ಅದರೊಳಗೆ ಗಾಳಿ ಬಿಟ್ರೆ ಬೇರೇನೂ ಇರಬಾರದು."

ಪಟ್ ಎಂದು ಪೈಪು ಕಳಚಿದ ಸದ್ದು. ಆಮೇಲೆ ಮಗಳ ಕೂಗು.

"ಥೂ! ಬಾಯೊಳಗೇ ಬಿತ್ತು!"

"ಏನು ಬಿತ್ತು? ಬಣ್ಣ ಹೇಳು!"

"ಕೆಂಪು ಚಿಕ್ಕಪ್ಪ, ಕೆಂಪು!"

ಅದು ಗ್ರೀಸಪ್ಪನಿಗೂ ಕೇಳಿಸಿತೋ, ಊಹಿಸಿದನೋ, ಚಪ್ಪಾಳೆ ತಟ್ಟಿದ. ರಬ್ಬರ್ ಹಾಳೆ ಹರಿದಿತ್ತು. ಹರಿದ ಕಡೆಯಿಂದ ಇಂಜಿನ್ ಗೇರ್‌ಬಾಕ್ಸಿನ ಎಣ್ಣೆಯನ್ನು ಸ್ವಲ್ಪ ಸ್ವಲ್ಪವಾಗಿ ಹೀರಿ, ಸುಟ್ಟು, ನನ್ನ ಹೊದಿಕೆಗಳ ಮೇಲೆ ಬಿಟ್ಟಿತ್ತು. ಗೇರು ತಡವಾಗಿ ಬೀಳುತ್ತಿದ್ದುದೂ ಆ ಡಬ್ಬಿ ಹರಿದು ಸುಳ್ಳು ಚಾಡಿ ಹೇಳುತ್ತಿದ್ದುದರಿಂದಲೇ. ಹೊಸ ಡಬ್ಬಿ ಹಾಕಿ, ಎಣ್ಣೆ ತುಂಬಿದರೆ ಆಯಿತು. ಗೇರ್‌ಬಾಕ್ಸ್ ಬಿಚ್ಚುವ ಮಾತೇ ಇಲ್ಲ.

"ಮೇಷ್ಟ್ರೇ! ನಿಮ್ಮ ದೊಡ್ಡಮ್ಮ ಇನ್ನೂ ನಮ್ಮಿಬ್ಬರನ್ನೂ ಹೊತ್ತು ಹಾಕೋಷ್ಟು ಗಟ್ಟಿ ಇದ್ದಾಳೆ!"

ಯಜಮಾನರು ಆಗ ನಕ್ಕರು. ಬಾಯಿ ತುಂಬ ನಕ್ಕರು. ನಕ್ಕು ಮುಗಿಯುವ ಮೊದಲೇ ಆ ನಗು ಅರ್ಧಕ್ಕೆ ನಿಂತಿತು. ಯಾಕೆಂದು ನನಗೆ ಮಾತ್ರ ಗೊತ್ತಿತ್ತು. ಸತ್ತ ಗಾಡಿಗೆ ಉತ್ತರ ಬರೆಯಬೇಕಾಗಿರಲಿಲ್ಲ. ಬದುಕಿದ ಗಾಡಿಗೆ ಬರೆಯಬೇಕು.

ಹಳೆ ಸಾಮಾನಿನ ಅಂಗಡಿಗಳಲ್ಲಿ ಹುಡುಕಿ ಗ್ರೀಸಪ್ಪ ಅಂಥದ್ದೇ ಡಬ್ಬಿ ತಂದ. ಮಗಳು ತನ್ನ ಮುಂದಿನ ರಜೆಯ ದಿನ ಅದನ್ನು ಕೂರಿಸಿದಳು. ಎಣ್ಣೆ ಹಾಕುತ್ತ, ಓಡಿಸುತ್ತ, ಅಳೆಯುತ್ತ, ಕಡ್ಡಿಯ ಗೆರೆ ಮುಟ್ಟುವವರೆಗೆ ತುಂಬಿಸಿದರು. ಯಜಮಾನರು ಗೇರ್ ಕಡ್ಡಿ ಇಳಿಸಿದರು. ದೊಡ್ಡಮ್ಮ ಒಂದು ಉಸಿರು ತಡೆದು, ಹಸುವಿನ ಹಾಗೆ ಮೆಲ್ಲಗೆ ಮುಂದಕ್ಕೆ ಹೆಜ್ಜೆ ಇಟ್ಟಳು. ಗೇಟಿನವರೆಗೆ ಹೋಗಿ ಬಂದರು. ಹೊಗೆಯಿಲ್ಲ. ಅವತ್ತು ಯಜಮಾನರು ಊಟ ಮಾಡಲಿಲ್ಲ.

ಸಂಜೆ ಅಡುಗೆಮನೆಯ ಬೆಂಚಿನ ಮೇಲೆ ಕೂತಿದ್ದರು. ನಾನು ಕಾಫಿ ಕೊಟ್ಟು ಪಕ್ಕದಲ್ಲಿ ಕೂತೆ. ಕೇಳಲಿಲ್ಲ. ಕೇಳದೆ ಕೂತರೆ ಅವರೇ ಹೇಳುತ್ತಾರೆ.

"ಅವಳು ಸತ್ತೇ ಹೋಗಿದ್ರೆ ಚೆನ್ನಾಗಿತ್ತು ಅಂತ ಅನ್ನಿಸಿತ್ತು ಕಣೇ" ಎಂದರು ಕೊನೆಗೆ. "ಕೊಡೋ ಕಷ್ಟ ಇರ್ತಿರಲಿಲ್ಲ."

"ಗೊತ್ತು."

"ಏನು ಗೊತ್ತು ನಿನಗೆ? ಬೆ‍ಳಿಗ್ಗೆ ಎದ್ದು ನಾನು ಏನು ಮಾಡ್ಲಿ ಹೇಳು. ಕಣ್ಣಿಲ್ಲ. ಪೇಪರಿಲ್ಲ. ಗೇಟಿನ ತನಕ ಹೋಗಿ ಬಂದ್ರೆ ನಾನಿನ್ನೂ ಮೇಷ್ಟ್ರು ಅನ್ನಿಸುತ್ತೆ. ಅಷ್ಟೇ ಇರೋದು ನನಗೆ."

ಅವರ ಲೋಟ ಖಾಲಿಯಾಗಿತ್ತು, ನನ್ನ ಅರ್ಧ ಕಾಫಿಯನ್ನು ಅದಕ್ಕೆ ಸುರಿದೆ.

"ಆ ಹುಡುಗಿ ಮೊದಲನೇ ದಿನ ಅತ್ತಾಗ ನೀವು ಏನಂದ್ರಿ, ನೆನಪಿದೆಯಾ?" ಎಂದೆ.

"ಏನಂದೆ?"

"ಏನೂ ಅನ್ನಲಿಲ್ಲ. ಅವಳು ಅತ್ತು ಮುಗಿಸೋ ತನಕ ಪಕ್ಕದಲ್ಲಿ ಕೂತಿದ್ರಿ. ನನ್ನ ಸ್ವೆಟರಿನ ಒಂದು ತೋಳೇ ಮುಗೀತು. ಈಗ ಹಾಗೆ ಅಳೋರು ಅವಳ ಹತ್ರ ಬಂದು ಕೂತಿದ್ದಾರೆ. ಅವಳು ಎಲ್ಲಿ ಕೂರಿಸ್ತಾಳೆ?"

ಅವರು ಕಾಫಿ ಕುಡಿದರು. ಮೂಗು ಒರೆಸಿಕೊಂಡರು.

"ಕಾಗದ ತಗೊಂಡು ಬಾ" ಎಂದರು.

ನಾನು ಬರೆಯುವುದು ನಿಧಾನ. ಅಕ್ಷರ ಕಲಿತದ್ದೇ ತಡವಾಗಿ, ರಾತ್ರಿಶಾಲೆಯಲ್ಲಿ. ಅದೂ ಮೇಷ್ಟ್ರೇ ದಿನಾ ದೊಡ್ಡಮ್ಮನಲ್ಲಿ ಬಿಟ್ಟು, ಹೊರಗೆ ಕಾದು ಕರೆತಂದದ್ದು. ಅವರು ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ. ಗೇರ್ ಹಾಕಿದ ಮೇಲೆ ಒಂದು ಉಸಿರು ಕಾಯಬೇಕು, ಆತುರಪಡಿಸಬಾರದು. ಎಡಗಡೆ ಹಿಂದಿನ ಬಾಗಿಲನ್ನು ಎತ್ತಿ ಮುಚ್ಚಬೇಕು. ಚಳಿಗೆ ಮೊದಲ ಸಲಕ್ಕೇ ಎದ್ದೇಳುವುದಿಲ್ಲ, ಬೈಯಬಾರದು. ಆಮೇಲೆ ಸ್ವಲ್ಪ ತಡೆದು, "ಗೇರ್‌ಬಾಕ್ಸಿನ ಎಣ್ಣೆಯನ್ನು ಇಂಜಿನ್ ಓಡುತ್ತಿರುವಾಗಲೇ ಅಳೆಯಬೇಕು. ನಾನು ನಿಮಗೆಲ್ಲ ಹೇಳಿಕೊಟ್ಟಿದ್ದು ತಪ್ಪು. ಆದರೆ ಜಡೆ ಇರುವವರನ್ನು ದೂರ ನಿಲ್ಲಿಸು" ಎಂದು ಬರೆಸಿದರು.

ಎರಡು ಪುಟ ತುಂಬಿತು. ಬಾ, ತೆಗೆದುಕೊಂಡು ಹೋಗು ಎಂಬ ಮಾತು ಮಾತ್ರ ಎಲ್ಲೂ ಬರಲಿಲ್ಲ.

"ಕೊಡ್ತೀನಿ ಅಂತ ಬರೀಲಾ?" ಎಂದೆ.

"ಕೊಡದೇ ಇರೋ ಗಾಡಿಗೆ ಇಷ್ಟೆಲ್ಲ ಉಪದೇಶ ಯಾಕೆ ಮಾಡ್ತೀನಿ? ಬರಿ. ಆದ್ರೆ ಈಗಲೇ ಬೇಡ. ಇಲ್ಲಿ ಒಬ್ಬ ವಿದ್ಯಾರ್ಥಿನಿ ಪಾಠ ಶುರುಮಾಡೋಳಿದ್ದಾಳೆ, ಅವಳದ್ದು ಮುಗೀಲಿ."

ನಾನು ಪೆನ್ನು ಇಳಿಸಿದೆ. ಮತ್ತೆ ನಾಳೆಯ ದಾರಿ ಹಿಡಿದರಲ್ಲ ಎನ್ನಿಸಿತು.

"ಯಾವ ವಿದ್ಯಾರ್ಥಿನಿ ರೀ? ಬೋರ್ಡು ತೆಗೆದು ಎಷ್ಟು ಕಾಲ ಆಯ್ತು!"

"ನಾಳೆ ಬೆಳಿಗ್ಗೆಯಿಂದ ಶುರು. ಶೆಡ್ಡಿನಿಂದ ಗೇಟಿಗೆ, ಗೇಟಿನಿಂದ ಶೆಡ್ಡಿಗೆ. ಇಷ್ಟು ವರ್ಷ ಹಿಂದಿನ ಸೀಟಲ್ಲಿ ಬಿಟ್ಟಿ ಕೂತು ಬಂದಿದ್ದಾಳೆ. ಕೆಮ್ಮೋದೊಂದೇ ಕಲಿತಿರೋದು."

ನನ್ನ ಕಿವಿ ಬಿಸಿಯಾಯಿತು. ಈ ವಯಸ್ಸಿನಲ್ಲಿ ಸ್ಟೀರಿಂಗಾ ಎಂದೆ. ಕಣ್ಣಿಲ್ಲದ ಮೇಷ್ಟ್ರಿಗೆ ವಯಸ್ಸಾದ ಶಿಷ್ಯೆಯೇ ಸರಿ, ಇಬ್ಬರೂ ಜೋರಾಗಿ ಹೋಗುವುದಿಲ್ಲ ಎಂದರು. ಬಾಗಿಲಲ್ಲಿ ನಿಂತಿದ್ದ ಮಗಳು, "ಗೇಟಿಗೆ ನಾನೊಂದು ಹಾಸಿಗೆ ಕಟ್ಟಿಬಿಡ್ತೀನಿ" ಎಂದಳು.

"ಒಪ್ಪಿದೆ" ಎಂದೆ ನಾನು. "ಆದ್ರೆ ತಾರೀಕು ಹೇಳಿ. ತಾರೀಕಿಲ್ಲದೆ ನಾನು ಬರೆಯಲ್ಲ."

ಅವರು ಗೋಡೆಯ ಕಡೆ ಮುಖ ಮಾಡಿ ಯೋಚಿಸಿದರು. "ಬರೋ ತಿಂಗಳ ಕೊನೇ ಭಾನುವಾರ" ಎಂದರು. ಅವತ್ತು ಬಂದು ತೆಗೆದುಕೊಂಡು ಹೋಗು ಎಂದು ನಾನು ದಪ್ಪ ಅಕ್ಷರದಲ್ಲಿ ಬರೆದು, ಅಡಿಗೆರೆ ಎಳೆದು, ಅವರ ಬೆರಳನ್ನು ಕಾಗದದ ಕೆಳಗಿನ ಮೂಲೆಗೆ ಇಟ್ಟೆ. ಅಲ್ಲಿ ಸಹಿ ಮಾಡಿದರು.

ಮರುದಿನ ಬೆಳಿಗ್ಗೆ ಮಗಳು ಡ್ಯೂಟಿ ಬದಲಾಯಿಸಿಕೊಂಡು ನಮ್ಮಿಬ್ಬರನ್ನೂ ದೊಡ್ಡಮ್ಮನಲ್ಲೇ ಅಂಚೆ ಕಚೇರಿಗೆ ಕರೆದುಕೊಂಡು ಹೋದಳು. ಕಿಟಕಿಯ ಹಿಂದೆ ಕೂತಿದ್ದ ಗುಮಾಸ್ತೆ ಲಕೋಟೆಯನ್ನು ತೂಕಕ್ಕೆ ಕೇಳಿದಳು. ಯಜಮಾನರು ಅದನ್ನು ಕಟ್ಟೆಯ ಮೇಲೆ ಇಟ್ಟರು, ಬೆರಳು ಬಿಡಲಿಲ್ಲ.

"ಸಾಮಾನ್ಯವಾ, ರಿಜಿಸ್ಟರಾ?" ಎಂದಳು ಅವಳು.

"ರಿಜಿಸ್ಟರು. ಅವಳ ಕೈಗೇ ಸೇರ್ಬೇಕು." ಆಮೇಲೆ ನನ್ನ ಕಡೆ ಬಾಗಿ, "ಟೈರಿಗೆ ಗಾಳಿ ಎಷ್ಟು ಅಂತ ಬರೆಸಿದ್ನಾ?" ಎಂದರು ಮೆಲ್ಲಗೆ.

"ಇಲ್ಲ. ಅವಳು ಬಂದಾಗ ಬಾಯಲ್ಲೇ ಹೇಳಿ."

ನಮ್ಮ ಹಿಂದೆ ನಿಂತವರು ಕಾಲು ಬದಲಿಸಿದರು. ಗುಮಾಸ್ತೆ ಅವಸರ ಮಾಡಲಿಲ್ಲ, ಕೈ ಚಾಚಿಕೊಂಡೇ ಇದ್ದಳು. ಯಜಮಾನರು ಲಕೋಟೆಯನ್ನು ಒಂದು ಸಲ ಸವರಿ, ಆ ಕೈಯ ಕಡೆಗೆ ತಳ್ಳಿದರು. ಅವಳು ಅಂಚೆಚೀಟಿ ಹಚ್ಚಿ, ಮುದ್ರೆ ಒತ್ತಿ, ಹಿಂದೆ ಬಾಯಿ ತೆರೆದು ನಿಂತಿದ್ದ ಚೀಲದೊಳಗೆ ಹಾಕಿದಳು.

"ಹೋಯ್ತಾ?" ಎಂದು ಕೇಳಿದರು.

"ಹೋಯ್ತು ರೀ."